ಒಂದು ಪಾಯಿಂಟ್ ಸೊನ್ನೆ ಸೊನ್ನೆ

ಪ್ರೋಬಿನ ನಳಿಗೆಗೆ ಸೈಕಲ್ ಪಂಪಿನಿಂದ ಗಾಳಿ ಊದಿ, ಹೊರಬಿದ್ದ ಮಸಿಯನ್ನು ಹಳೆ ಸೀರೆಯ ಚೂರಿನಿಂದ ಒರೆಸುತ್ತಿದ್ದೆ. ಹೊಗೆ ತಪಾಸಣೆಯ ಯಂತ್ರಕ್ಕೆ ಈ ಉಕ್ಕಿನ ಕಡ್ಡಿಯೇ ಮೂಗು. ಗಾಡಿಯ ಸೈಲೆನ್ಸರಿನೊಳಗೆ ಗೇಣುದ್ದ ಹೋಗಿ ಮೂಸಿ ಬರುತ್ತದೆ. ಮೂಗು ಕಟ್ಟಿದರೆ ಯಂತ್ರ ಸುಳ್ಳಾಡುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಬೂತಿನ ಬಾಗಿಲು ತೆರೆದ ಕೂಡಲೇ, ಕಸ ಗುಡಿಸುವುದಕ್ಕಿಂತ ಮೊದಲು, ಈ ಕೆಲಸ.

ಅಷ್ಟರಲ್ಲಿ ದಾವಲಬಿಯ ಬಿಳಿ ವ್ಯಾನು ಬಂದು ನಿಂತಿತು. ಎಂಜಿನ್ ಆರಿಸದೆ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು.

"ನೀಲಕ್ಕಾ, ಮಸಿ ಆಮ್ಯಾಲೆ ಒರಸ್ರಿ. ನನ್ನ ಗಾಡಿ ಏರಿನ್ಯಾಗ ಹಲ್ಲು ಕಡೀತೈತಿ."

"ನಿನ್ನ ಕೈಯಾಗ ಇಷ್ಟು ವರ್ಷ ದುಡದೈತಿ. ಅದಕ್ಕೂ ಸಿಟ್ಟು ಬರಬಾರದೇನು?"

"ಚಾಷ್ಟಿ ಅಲ್ರಿ. ಬಾಣಲಿಯೊಳಗ ಜೋಳದ ಅರಳು ಸಿಡದಂಗ ಚಟಚಟ ಅಂತೈತಿ. ಮೊದಲ ಇರಲಿಲ್ಲ. ಡಬ್ಬಿ ಹಾಕಿಸಿದ ಮ್ಯಾಲ ಶುರುವಾತು."

ದಾವಲಬಿ ನದಾಫ ಅಣ್ಣಿಗೇರಿಯವಳು. ಮೂವತ್ತಾರು ವಯಸ್ಸು. ಸೋಮವಾರ, ಬುಧವಾರ, ಶುಕ್ರವಾರ ಕಿಡ್ನಿ ಕೆಲಸ ನಿಲ್ಲಿಸಿದ ಆರು ಜನರನ್ನು ಕೂರಿಸಿಕೊಂಡು ಹುಬ್ಬಳ್ಳಿಗೆ ಬರುತ್ತಾಳೆ. ಆಸ್ಪತ್ರೆಯಲ್ಲಿ ಅವರ ರಕ್ತ ಶುದ್ಧವಾಗಲು ನಾಲ್ಕು ತಾಸು ಬೇಕು. ಅಷ್ಟು ಹೊತ್ತೂ ಕಾದು, ಸೋತು ಸುಣ್ಣವಾದವರನ್ನು ಒಬ್ಬೊಬ್ಬರಾಗಿ ಕೈಹಿಡಿದು ಹತ್ತಿಸಿ, ಮನೆಬಾಗಿಲಿಗೆ ಬಿಟ್ಟು ಹೋಗುತ್ತಾಳೆ. ಆ ಆರು ಜನರಿಗೆ ಬಸ್ಸಿನಲ್ಲಿ ನಿಂತು ಬರುವ ಶಕ್ತಿಯಿಲ್ಲ. ಅವರಲ್ಲಿ ಕಮಲವ್ವ ಬೇವಿನಕಟ್ಟಿ ಎಂಬಾಕೆಗೆ ಹಿಂದಿನ ಸೀಟೇ ಬೇಕು. ತಾನು ತಿನ್ನುವಂತಿಲ್ಲದಿದ್ದರೂ ಡ್ರೈವರಿಗೆಂದು ಶೇಂಗಾ ಚಟ್ನಿ ಕಟ್ಟಿ ತರುವವಳು. ಆ ಚಟ್ನಿಯಲ್ಲಿ ನನಗೂ ಪಾಲು ಬರುತ್ತಿತ್ತು.

ಡಬ್ಬಿಯ ವಿಷಯ ಹೇಳಬೇಕು. ಅದು ಹೊಸ ಇಂಧನ ಬಂದ ವರ್ಷ. ಬಂಕಿನಲ್ಲಿ ಅರ್ಧ ಪೆಟ್ರೋಲು, ಅರ್ಧ ಕಬ್ಬಿನ ಸ್ಪಿರಿಟ್. ಒಂದೇ ಅಳತೆಯ ಗಾಳಿಗೆ ಸ್ಪಿರಿಟ್ ಹೆಚ್ಚು ಬೇಕು, ಪೆಟ್ರೋಲು ಕಡಿಮೆ ಸಾಕು. ಹಾಗಾಗಿ ಹಳೆಯ ಗಾಡಿಗಳ ಎಂಜಿನ್ನಿಗೆ ಎಷ್ಟು ಗಾಳಿಗೆ ಎಷ್ಟು ಇಂಧನ, ಕಿಡಿ ಯಾವ ಗಳಿಗೆಯಲ್ಲಿ ಎಂಬ ಅಂಕಿಗಳನ್ನೆಲ್ಲ ಹೊಸದಾಗಿ ಬರೆಯಬೇಕಾಯಿತು. ಸರಿಯಾಗಿ ಮಾಡುವುದಾದರೆ ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, ಭಾರ ಹೇರಿ ಓಡಿಸಬೇಕು. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ, ಹೊಗೆ ಎಷ್ಟು ಕಾದಿದೆ, ಪಿಸ್ಟನ್ನಿನ ಮೇಲೆ ಏಟು ಬೀಳುತ್ತಿದೆಯೇ, ಟ್ಯಾಂಕಿನಲ್ಲಿ ಸ್ಪಿರಿಟ್ ಎಷ್ಟಿದೆ ಎಂದು ಹೇಳುವ ಸೆನ್ಸರುಗಳನ್ನು ನೋಡುತ್ತಾ ಚೂರುಚೂರೇ ತಿದ್ದಬೇಕು. ಒಂದು ಗಾಡಿಗೆ ಅರ್ಧ ದಿನ. ರಾಜ್ಯದಲ್ಲಿ ಇದ್ದ ಹಳೆಯ ಗಾಡಿಗಳು ನಲವತ್ತು ಲಕ್ಷ.

ಆಗ ಬಂದದ್ದು 'ಸುಸ್ವರ' ಎಂಬ ಕಂಪನಿ. ಉರುಳೆ ಬೇಡ, ಸೆನ್ಸರ್ ಬೇಡ, ಗಾಡಿ ನಮ್ಮಲ್ಲಿಗೆ ಬರುವುದೇ ಬೇಡ ಎಂದರು. ಸ್ಟೇರಿಂಗಿನ ಕೆಳಗೆ ಕಡ್ಡಿಪೆಟ್ಟಿಗೆಯಷ್ಟು ಡಬ್ಬಿ ಚುಚ್ಚಿದರೆ ಸಾಕು, ನಾವು ಕೂತಲ್ಲಿಂದ ನಾಲ್ಕು ನಿಮಿಷದಲ್ಲಿ ಎಂಜಿನ್ ತಿದ್ದುತ್ತೇವೆ. ಇಲಾಖೆ ಅದನ್ನೇ ಕಡ್ಡಾಯ ಮಾಡಿತು. ಡಬ್ಬಿ ಕಿತ್ತರೆ ಗಾಡಿ ಶುರುವಾಗುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಪಕ್ಕದೂರಿನ ಒಲೆಯ ಮೇಲಿರುವ ಹಾಲನ್ನು ಇಲ್ಲಿಂದಲೇ ಕಾಯಿಸುತ್ತೇವೆ ಎಂದ ಹಾಗೆ. ಇಷ್ಟು ದೊಡ್ಡ ಮಾತಿಗೆ ಒಬ್ಬರೂ ನಗಲಿಲ್ಲ. ನಾನೂ ನಗಲಿಲ್ಲ.

ದಾವಲಬಿಯ ಸೈಲೆನ್ಸರಿಗೆ ಪ್ರೋಬು ಹಾಕಿದೆ. ನಮ್ಮ ಯಂತ್ರ ಹೊಗೆಯನ್ನು ಮೂಸಿ, ಗಾಳಿ ಮತ್ತು ಇಂಧನ ಹೊಂದಿವೆಯೇ ಎಂದು ಒಂದು ಅಂಕಿ ಕೊಡುತ್ತದೆ. ಸರಿಯಾಗಿ ಹೊಂದಿದರೆ ಒಂದು. ಒಂದರ ಮೇಲೆ ಹೋದಷ್ಟೂ ಗಾಳಿ ಹೆಚ್ಚು, ಇಂಧನ ಕಡಿಮೆ, ಬೆಂಕಿ ಬಿಸಿ. ನೂರರಲ್ಲಿ ಮೂರು ಪಾಲಿನಷ್ಟು ಆಚೀಚೆ ಆದರೆ ಕಾಯಿದೆ ಕ್ಷಮಿಸುತ್ತದೆ. ದಾವಲಬಿಯ ಗಾಡಿ 1.07 ತೋರಿಸಿತು.

ಅಂಕಿ ಕಳಿಸಿದೆ. ಪರದೆಯ ಮೇಲೆ ಕೆಂಪು ಅಕ್ಷರ ಬಂತು. *ಅಂಕಿ ಅಸಹಜ. ಮತ್ತೆ ಅಳೆಯಿರಿ.* ಮತ್ತೆ ಅಳೆದೆ. ಮತ್ತೆ ಅದೇ 1.07, ಮತ್ತೆ ಅಸಹಜ. ಮೂರನೆಯ ಸಲವೂ ಹಾಗೇ.

"ನಿಮ್ಮ ಯಂತ್ರಕ್ಕ ವಯಸ್ಸಾಗೇತಿ, ನೀಲಕ್ಕ."

"ನನಗ ಆಗೇತಿ. ಯಂತ್ರದೊಳಗ ಅಳಿಯೂ ಹೊಸ ಸೆಲ್ ಹಾಕಿ ಎರಡ ತಿಂಗಳಾತಷ್ಟ. ನಡಿ, ಭಾರದಾಗ ನೋಡೂಣು."

ನಿಂತ ಗಾಡಿ ಏನನ್ನೂ ಪೂರ್ತಿ ಹೇಳುವುದಿಲ್ಲ. ಪ್ರೋಬನ್ನು ತಂತಿಯಿಂದ ಸೈಲೆನ್ಸರಿಗೆ ಬಿಗಿದು, ನಳಿಗೆಯನ್ನು ಹಿಂದಿನ ಕಿಟಕಿಯಿಂದ ಒಳಗೆಳೆದು, ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಗದಗ ರಸ್ತೆಯ ಮೇಲ್ಸೇತುವೆಯ ಏರು ಹತ್ತುವಾಗ ದಾವಲಬಿ ಕಾಲೊತ್ತಿದಳು. ಚಟಚಟ ಕೇಳಿಸಿತು. ಭಾರ ಎಳೆಯುವಾಗ ಎಂಜಿನ್ನಿಗೆ ಇಂಧನ ಹೆಚ್ಚು ಸಿಗಬೇಕು, ಆ ಹೆಚ್ಚಿನ ಇಂಧನವೇ ಒಳಗಿನ ಬೆಂಕಿಯನ್ನು ತಣ್ಣಗಿಡುವುದು. ಅಂಕಿ ಒಂದರ ಕೆಳಗೆ ಇಳಿಯಬೇಕಾಗಿತ್ತು. ನನ್ನ ತೊಡೆಯ ಮೇಲೆ ಅದು 1.16ಕ್ಕೆ ಏರಿತು.

ಇಳಿದು ದಾವಲಬಿ ತಾನೇ ಪಾನಾ ಹಿಡಿದು, ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಒಂದು ಪ್ಲಗ್ ಬಿಚ್ಚಿದಳು. ಚೆನ್ನಾಗಿರುವ ಎಂಜಿನ್ನಿನ ಪ್ಲಗ್ಗು ಹುರಿದ ಕಾಫಿಪುಡಿಯ ಬಣ್ಣಕ್ಕಿರುತ್ತದೆ. ಇದು ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಮೇಲೆ ಸಾಸಿವೆಗಿಂತ ಸಣ್ಣ ಬೂದು ಹನಿಗಳು ಮಿನುಗುತ್ತಿದ್ದವು.

"ಇವೇನ್ರಿ?"

"ಪಿಸ್ಟನ್ ಕರಗಾಕ ಹತ್ತೈತಿ. ಈ ಗಾಡಿ ಓಡಸಬ್ಯಾಡ, ದಾವಲು."

"ಓಡಸಬ್ಯಾಡ ಅಂದ್ರ? ಶುಕ್ರವಾರ ಅವರನ್ನ ಹೆಗಲಮ್ಯಾಲ ಹೊತ್ಕೊಂಡ ಬರಲೇನು? ಕಮಲವ್ವ ಒಂದ ಸಲ ತಪ್ಪಿಸಿದ್ರ ಮುಖ ಬಾತು ಕುಂಬಳಕಾಯಿ ಆಗತೈತಿ."

ಕಂಪನಿಯ ಸಹಾಯವಾಣಿಗೆ ಫೋನು ಮಾಡಿದಳು. ಜೇನಿನಂಥ ದನಿಯೊಂದು, "ನಿಮ್ಮ ವಾಹನ ಸುಸ್ವರದಲ್ಲಿದೆ. ಶುಭ ಪ್ರಯಾಣ," ಎಂದಿತು. ಎಂಜಿನ್ ಕರಗುತ್ತಿದೆ ಎಂದಳು. ಶುಭ ಪ್ರಯಾಣ ಎಂದಿತು. ದಾವಲಬಿ ಆ ದನಿಗೆ ಉತ್ತರವಾಗಿ ಆಡಿದ್ದನ್ನು ಇಲ್ಲಿ ಬರೆಯಲಾರೆ.

ಅವತ್ತು ಬುಧವಾರ. ಆಸ್ಪತ್ರೆಯವರು ಮುಗಿಸಲು ಇನ್ನೂ ಮೂರು ತಾಸಿತ್ತು. ನನ್ನ ಗಂಡನನ್ನು ಬೂತಿನಲ್ಲಿ ಕೂರಿಸಿ, ಇಬ್ಬರೂ ಆಟೋ ಹತ್ತಿ ನಿಯಂತ್ರಣ ಕೊಠಡಿಗೇ ಹೋದೆವು.

ಅದು ಧಾರವಾಡದ ಕಡೆಗೆ ಬೈಪಾಸಿಗೆ ಅಂಟಿಕೊಂಡ ಗಾಜಿನ ಕಟ್ಟಡ. ಬಾಗಿಲಿನ ಕಾವಲುಗಾರ, "ಅಪಾಯಿಂಟ್‌ಮೆಂಟ್ ಐತೇನ್ರಿ?" ಎಂದ.

"ನನ್ನ ಗಾಡಿಯೊಳಗ ಕೈ ಹಾಕೂ ಮುಂದ ಇವರು ನನ್ನ ಅಪಾಯಿಂಟ್‌ಮೆಂಟ್ ತಗೊಂಡಿದ್ರೇನು?" ಎಂದಳು ದಾವಲಬಿ. ಅವನು ಬಾಗಿಲು ತೆರೆದು ಒಳಗೆ ಬಿಟ್ಟ.

ಗೋಡೆಯಷ್ಟಗಲ ಪರದೆ. ಅದರ ತುಂಬ ಹಸಿರು ಚುಕ್ಕೆಗಳು, ಒಂದೊಂದೂ ಒಂದೊಂದು ಗಾಡಿ. ಇಷ್ಟು ಹಸಿರನ್ನು ನಾನು ಮಳೆಗಾಲದ ಹೊಲದಲ್ಲೂ ನೋಡಿರಲಿಲ್ಲ. ಅಪೂರ್ವಾ ಹಂಚಿನಾಳ ಎಂಬ ಎಂಜಿನಿಯರು ಬಂದಳು. ಧಾರವಾಡದ ಹುಡುಗಿ, ಮರ್ಯಾದೆಯವಳು. ಕುರ್ಚಿ ಎಳೆದು ನನ್ನನ್ನು ಕೂರಿಸಿದಳು, ನೀರು ಕೊಟ್ಟಳು. ದಾವಲಬಿಯ ಗಾಡಿಯನ್ನು ಪರದೆಯ ಮೇಲೆ ತಂದಳು. ಅದೂ ಹಸಿರು.

"ಈ ಗಾಡಿಯ ಆಕ್ಸಿಜನ್ ಸೆನ್ಸರ್ ಸತ್ತು ಮೂರು ವರ್ಷ ಆತು," ಎಂದಳು ದಾವಲಬಿ. "ಮತ್ತ ನಿಮಗ ಒಳಗಿಂದು ಹ್ಯಾಂಗ ಗೊತ್ತಾಗತೈತಿ?"

"ಸೆನ್ಸರ್ ಇರದಿದ್ರೂ ನಡೀತದರಿ. ನಾವು ಅಂದಾಜು ಸೆನ್ಸರ್ ಮಾಡೇವಿ."

"ಅದು ಎಲ್ಲಿರತೈತಿ?"

"ಗಾಡಿಯೊಳಗ ಇರೂದಿಲ್ಲ. ನಮ್ಮ ಕಂಪ್ಯೂಟರಿನ ಲೆಕ್ಕದಾಗ ಇರತದ."

"ಅಂದ್ರ ಇಲ್ಲ."

ಅಪೂರ್ವಾ ಬೇಸರ ಮಾಡಿಕೊಳ್ಳದೆ ನಕ್ಕಳು. ರಾಜ್ಯದ ಎಲ್ಲ ಹೊಗೆ ತಪಾಸಣಾ ಬೂತುಗಳ ಹನ್ನೆರಡು ವರ್ಷದ ಅಳತೆಗಳು ತಮ್ಮ ಬಳಿ ಇವೆ, ಮೂರು ಕೋಟಿ ಅಳತೆಗಳು, ಅವುಗಳಿಂದ ಯಾವ ಗಾಡಿ ಹೇಗೆ ಉಸಿರಾಡುತ್ತದೆ ಎಂದು ಕಂಪ್ಯೂಟರು ಕಲಿತಿದೆ ಎಂದು ವಿವರಿಸಿದಳು. ಒಂದು ನಕ್ಷೆ ತೋರಿಸಿದಳು. ಬಯಲಿನ ನಡುವೆ ನೆಟ್ಟ ಒಂಟಿ ಕಂಬದ ಹಾಗೆ ಒಂದೇ ಒಂದು ಗೆರೆ ಮೇಲೆದ್ದಿತ್ತು. ಕೆಳಗೆ ಬರೆದಿತ್ತು: 1.00.

"ನೋಡ್ರಿ ಅಜ್ಜಿ, ಎಷ್ಟು ಚೊಕ್ಕ ಡೇಟಾ! ಹೊರದೇಶದೊಳಗೂ ಹಿಂಗ ಸಿಗೂದಿಲ್ಲ."

ನಾನು ಕೈಯಲ್ಲಿದ್ದ ನೀರಿನ ಲೋಟವನ್ನು ಮೇಜಿನ ಮೇಲಿಟ್ಟೆ.

"ಈ ವ್ಯಾನಿಂದೂ ಅದ. ಮೂರು ವರ್ಷ, ಮೂರು ತಪಾಸಣೆ, ಮೂರೂ ಒಂದು ಪಾಯಿಂಟ್ ಸೊನ್ನೆ ಸೊನ್ನೆ. ಇಂಧನ ಚಿಮ್ಮಸೂ ಇಂಜೆಕ್ಟರ್ ಒಂಚೂರೂ ಕಟ್ಟಿಲ್ಲ ಅಂತ ಅರ್ಥ. ಅದಕ್ಕ ಕಂಪ್ಯೂಟರು ಆರು ಪರ್ಸೆಂಟ್ ಇಂಧನ ಕಡಿಮಿ ಮಾಡಿ ಉಳಿಸೇದ."

"ಇವತ್ತು ನಾ ಅಳದದ್ದು 1.07," ಎಂದೆ. "ಏರಿನ್ಯಾಗ 1.16."

"ಅದು ಬಂದದರಿ. ಸಿಸ್ಟಮ್ ತಗದು ಒಗದದ. ಇಷ್ಟು ಕೋಟಿ ಒಂದರ ಎದುರು ಒಂದ ಬ್ಯಾರೆ ಅಂಕಿ ಬಂದ್ರ, ಕೆಟ್ಟದ್ದು ಬೂತಿನ ಯಂತ್ರ ಅಂತ ಅದು ತಿಳೀತದ." ಅವಳು ಪರದೆಯನ್ನು ಇನ್ನೊಮ್ಮೆ ನೋಡಿದಳು. ಹುಬ್ಬು ಗಂಟಾಯಿತು. "ಬೂತ್ 417. ಹಳೇ ಮೂರೂ ನಿಮ್ಮ ಬೂತಿನವ ಅಲ್ಲೇನ್ರಿ? ಅಜ್ಜಿ, ಒಂದ ಮಾತು ಹೇಳ್ರಿ. ಆ ಹಳೇ ಅಳತೆ ತಪ್ಪು ಅಂತ ನೀವು ಎರಡ ಸಾಲು ಬರದು ಕೊಟ್ರ, ಈ ನಿಮಿಷ ನಾ ಈ ಗಾಡಿಗೆ ಇಂಧನ ಹೆಚ್ಚು ಬಿಡತೀನಿ. ಅಷ್ಟು ಅಧಿಕಾರ ನನಗದ. ಅವು ಖರೇ ಅಳತಿ ಹೌದಲ್ಲೋ?"

ದಾವಲಬಿ ನನ್ನ ಪಕ್ಕದಲ್ಲೇ ನಿಂತಿದ್ದಳು.

"ಹೌದು," ಎಂದೆ. "ಖರೇ ಅಳತಿ. ಗಾಡಿ ಈಗೀಗ ಕೆಟ್ಟಿರಬೇಕು."

"ಹಂಗಾರ ಗ್ಯಾರೇಜಿಗೆ ತೋರಸ್ರಿ," ಎಂದು ಅಪೂರ್ವಾ ಕಂಪ್ಯೂಟರಿನಲ್ಲಿ ಏನೋ ಟೈಪು ಮಾಡಿದಳು. ಅದೇನೆಂದು ಆಗ ನಾನು ಓದಲಿಲ್ಲ.

ಸಂಜೆ ರೊಟ್ಟಿ ಬಡಿಯುವಾಗ ಕೈ ಹದ ತಪ್ಪುತ್ತಿತ್ತು. ಮೂರನೆಯ ರೊಟ್ಟಿಯೂ ಹರಿದಾಗ ನಮ್ಮವರು ಒಲೆಯ ಮುಂದೆ ಬಂದು ಕೂತರು. ಅವರ ಹೆಸರು ರುದ್ರಪ್ಪ. ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದವರು. ಟಿಕೆಟಿಲ್ಲದವನ ಮುಖವನ್ನು ನಲವತ್ತು ಜನರ ನಡುವೆ ಗುರುತಿಸಬಲ್ಲರು.

"ಇದು ರೊಟ್ಟಿನೋ, ಕರ್ನಾಟಕದ ನಕಾಶೆನೋ?" ಎಂದರು. ನಾನು ನಗದೆ ಇದ್ದಾಗ, "ಏನಾತು ಹೇಳು," ಎಂದರು.

ಹೇಳಿದೆ.

ಯಂತ್ರದೊಳಗೆ ಆಮ್ಲಜನಕ ಅಳೆಯುವ ಒಂದು ಸೆಲ್ ಇರುತ್ತದೆ. ವರ್ಷ, ಬಹಳವಾದರೆ ಒಂದೂವರೆ ವರ್ಷ ಬಾಳುತ್ತದೆ. ಮೊದಲ ಸಲ ಅದು ಸತ್ತಾಗ ಹೊಸದು ಹೊರದೇಶದಿಂದ ಬರಬೇಕು, ಎಂಟು ತಿಂಗಳಾದೀತು ಎಂದರು. ಎಂಟು ತಿಂಗಳು ಎರಡು ವರ್ಷವಾಯಿತು. ಆಮೇಲೆ ಕೇಳುವುದನ್ನೇ ಬಿಟ್ಟೆವು. ಅಂಕಿ ತುಂಬದೆ ಯಂತ್ರ ಚೀಟಿ ಕೊಡುವುದಿಲ್ಲ. ಹೊರಗೆ ಆಟೋದವರು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಾರೆ. ಯಂತ್ರ ರಿಪೇರಿಗೆ ಬರುವವನೇ, "ಕೈಯಿಂದ ಒಂದು ಹೊಡದ ಬಿಡ್ರಿ ಅಕ್ಕಾರ, ಎಲ್ಲಾರೂ ಅದನ್ನ ಮಾಡ್ತಾರ," ಎಂದು ಕಲಿಸಿಕೊಟ್ಟ. ನಮ್ಮ ಬೂತಿನವರ ನಡುವೆ ಅದಕ್ಕೆ 'ಒಂದು ಹೊಡೆಯುವುದು' ಎಂದೇ ಹೆಸರಾಯಿತು. ಬೀದರಿನಿಂದ ಚಾಮರಾಜನಗರದವರೆಗೆ ಹನ್ನೆರಡು ವರ್ಷ ಎಲ್ಲರೂ ಒಂದು ಹೊಡೆದೆವು. ಈ ವರ್ಷವಷ್ಟೇ ಕೆಲವು ಬೂತುಗಳಿಗೆ ಹೊಸ ಸೆಲ್ ಬಂತು, ನಮ್ಮದಕ್ಕೆ ಎರಡು ತಿಂಗಳ ಹಿಂದೆ.

ನನಗೆ ಅದು ತಪ್ಪೆಂದು ಅನಿಸಲಿಲ್ಲವೇ? ರಾತ್ರಿ ಶಾಲೆಯಲ್ಲಿ ಮೂವತ್ತೆಂಟನೆಯ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಕಟ್ಟಿದಾಗ ಗಣಿತದ ಮಾಸ್ತರರು ಹೇಳಿಕೊಟ್ಟದ್ದು, ಯಾವ ಜಾಗವನ್ನೂ ಖಾಲಿ ಬಿಡಬೇಡಿರಿ, ಖಾಲಿಗೆ ಸೊನ್ನೆ, ಏನಾದರೂ ಬರೆದರೆ ಅರ್ಧ ಅಂಕವಾದರೂ ಬಂದೀತು ಎಂದು. ಹಾಗೆ ಬರೆದೇ ಪಾಸಾದವಳು ನಾನು. ಖಾಲಿ ಜಾಗ ಕಂಡರೆ ಇವತ್ತಿಗೂ ಕೈ ತುರಿಸುತ್ತದೆ. ಆ ಚೀಟಿಯನ್ನು ಮುಂದೊಂದು ದಿನ ಯಾರಾದರೂ ನಿಜವೆಂದು ಓದುತ್ತಾರೆ, ಓದಿ ಒಬ್ಬಳ ಎಂಜಿನ್ನಿನ ಅನ್ನ ಕಡಿಮೆ ಮಾಡುತ್ತಾರೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಅಂದ್ರ," ನಮ್ಮವರು ನಿಧಾನವಾಗಿ ಹೇಳಿದರು, "ಅಳಿಯೂ ಸಾಮಾನು ನಿನ್ನ ಕಡೆನೂ ಇರಲಿಲ್ಲ, ಅವರ ಕಡೆನೂ ಇಲ್ಲ. ನೀ ಅಂದಾಜು ಬರದಿ, ಅವರು ಆ ಅಂದಾಜಿನ ಮ್ಯಾಲ ಅಂದಾಜು ಮಾಡ್ಯಾರ. ಗಾಡಿ ಮಾತ್ರ ಖರೇನ ಓಡತೈತಿ."

"ಹೂಂ."

"ಹೇಳಬೇಕಿತ್ತು ನೀ."

"ಬೂತ್ ಮುಚ್ಚಸ್ತಾರ. ಕೇಸ್ ಹಾಕ್ತಾರ."

"ಹಾಕ್ತಾರ," ಎಂದು ಅವರು ಹರಿದ ರೊಟ್ಟಿಯನ್ನೇ ತಟ್ಟೆಗೆ ಹಾಕಿಕೊಂಡರು. "ಶನಿವಾರ ಗ್ಯಾರೇಜಿಗೆ ಒಯ್ಯತೇನಿ ಅಂದಾಳಲ್ಲ ದಾವಲಬಿ. ಅಲ್ಲೀತನಕ ಏನೂ ಆಗದಿರಲಿ."

ಶುಕ್ರವಾರ ಆಯಿತು.

ಆರು ಜನರ ಭಾರ ಹೊತ್ತು ಅದೇ ಮೇಲ್ಸೇತುವೆ ಏರುವಾಗ ಪಿಸ್ಟನ್ನಿಗೆ ತೂತು ಬಿತ್ತು. ಎಂಜಿನ್ ಕಚ್ಚಿಕೊಂಡು ಚಕ್ರ ನಿಂತವು. ಎಣ್ಣೆ ಕಾದ ಕೊಳವೆಯ ಮೇಲೆ ಸುರಿದು ದಟ್ಟ ಹೊಗೆ ಎದ್ದಿತು. ಹಿಂದಿದ್ದ ಲಾರಿಗೆ ಆ ಹೊಗೆಯಲ್ಲಿ ವ್ಯಾನು ಕಾಣಲಿಲ್ಲ. ಹಿಂದಿನ ಸೀಟಿನಲ್ಲಿದ್ದವಳು ಕಮಲವ್ವ. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದಳು, ಐದನೆಯ ದಿನ ಇರಲಿಲ್ಲ. ಉಳಿದ ಐವರು ಬದುಕಿದರು. ದಾವಲಬಿಯ ಎಡಗೈ ಮುರಿಯಿತು.

ಕಂಪನಿಯ ವರದಿ ಎರಡೇ ವಾರದಲ್ಲಿ ಬಂತು. ಅಷ್ಟು ಬೇಗ ಅವರು ಯಾವ ಗಾಡಿಯನ್ನೂ ಸರಿಮಾಡಿದ್ದಿಲ್ಲ. ವಾಹನ ಸುಸ್ವರದಲ್ಲಿತ್ತು. ತಪಾಸಣೆಯ ದಾಖಲೆಗಳು ನಿರ್ದೋಷವಾಗಿವೆ. ದೋಷ ಈಚಿನದು ಎಂದು ಚಾಲಕಿಗೆ ಬುಧವಾರವೇ ತಿಳಿಸಿ, ಗ್ಯಾರೇಜಿಗೆ ತೋರಿಸಲು ಸೂಚಿಸಲಾಗಿತ್ತು. ಆಕೆ ಸೂಚನೆಯನ್ನು ಕಡೆಗಣಿಸಿ ರೋಗಿಗಳನ್ನು ತುಂಬಿಕೊಂಡು ಓಡಿಸಿದಳು.

ಅಪೂರ್ವಾ ಅವತ್ತು ಟೈಪು ಮಾಡಿದ್ದು ಇದನ್ನೇ. ನನ್ನ ಒಂದು 'ಹೌದು' ಅವಳ ಬೆರಳಿನಿಂದ ಇಳಿದು, ವರದಿಯಾಗಿ, ದಾವಲಬಿಯ ಕೊರಳಿಗೆ ಬಿದ್ದಿತ್ತು. ಲೈಸೆನ್ಸ್ ಅಮಾನತಾಯಿತು. ನಿರ್ಲಕ್ಷ್ಯದಿಂದ ಸಾವು ಎಂದು ಪ್ರಕರಣ. ಇಲಾಖೆಯ ವಿಚಾರಣಾಧಿಕಾರಿ ಅವಳದೇ ತಪ್ಪೆಂದು ಬರೆದರೆ ಲೈಸೆನ್ಸ್ ಶಾಶ್ವತವಾಗಿ ಹೋಗುತ್ತದೆ, ಆ ಬರಹವೇ ಕೋರ್ಟಿನಲ್ಲಿ ಸಾಕ್ಷಿಯಾಗುತ್ತದೆ, ಜೈಲೂ ಆದೀತು ಎಂದು ಅವಳ ವಕೀಲರು ಹೇಳಿದರು.

ವರದಿ ಬಂದ ನಾಲ್ಕನೆಯ ದಿನವೇ ನಾನು ವಿಚಾರಣಾಧಿಕಾರಿಗೆ ಕಾಗದ ಬರೆದೆ. ಬರೆದು ಲಕೋಟೆಗೆ ಹಾಕಿ ವಿಳಾಸವನ್ನೂ ಬರೆದೆ. ಎಂಟು ವಾರ ಅದು ನನ್ನ ಬ್ಯಾಗಿನಲ್ಲೇ ಓಡಾಡಿತು. ಒಂದು ದಿನ ಅಂಚೆ ಕಚೇರಿಯ ಮೆಟ್ಟಿಲವರೆಗೆ ಹೋಗಿ, ರಜೆಯೇನೋ ಎಂದುಕೊಂಡು ತಿರುಗಿ ಬಂದೆ. ರಜೆಯಿರಲಿಲ್ಲ. ನಮ್ಮ ಬೂತ್ ಮಾಲೀಕರ ಸಂಘದ ಅಧ್ಯಕ್ಷ ಹೊಸಮನಿಯ ಕಿವಿಗೆ ಸುದ್ದಿ ಹೇಗೆ ಬಿತ್ತೋ, ಮನೆಗೇ ಬಂದು ಕೂತ.

"ನೀಲಕ್ಕಾರ, ನೀವ ಒಬ್ಬರ ಒಂದು ಹೊಡದೀರೇನು? ನೀವು ಬಾಯಿ ಬಿಟ್ರ ರಾಜ್ಯದಾಗ ಒಂದ ಬೂತಿನ ಬಾಗಲಾ ತೆರದಿರೂದಿಲ್ಲ. ನಮ್ಮ ಹೆಂಡರು ಮಕ್ಕಳ ಗತಿ ಏನು?"

"ಆ ಗಾಡಿಗೋಳು ಇನ್ನೂ ಓಡಾಕತ್ತಾವ, ಹೊಸಮನಿ. ನಲವತ್ತು ಲಕ್ಷ."

"ದೊಡ್ಡ ಕಂಪನಿ, ದೊಡ್ಡ ಮಂದಿ, ಅವರು ನೋಡ್ಕೋತಾರ. ನಾವು ಸಣ್ಣಾವ್ರು."

ಸಣ್ಣವರು ಎಂಬ ಮಾತು ನನಗೆ ಹಿತವಾಗಿತ್ತು. ಅದರ ಹಿಂದೆ ಅಡಗಿ ಕೂರುವುದು ಸುಲಭವಾಗಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ವಿಚಾರಣೆ ಸೋಮವಾರಕ್ಕೆ ಗೊತ್ತಾಗಿತ್ತು. ಅದರ ಹಿಂದಿನ ಗುರುವಾರ ಮಧ್ಯಾಹ್ನ ದಾವಲಬಿ ನಮ್ಮ ಮನೆಗೆ ಬಂದಳು. ಕೈಯ ಪಟ್ಟಿ ಬಿಚ್ಚಿತ್ತು. ಭಾವನ ಅಂಗಡಿಯಲ್ಲಿ ಗಾದಿ ಹೊಲಿಯುತ್ತಿದ್ದಳು. ಕೂದಲಲ್ಲಿ ಅರಳೆಯ ಎಳೆ ಅಂಟಿತ್ತು. ಉಳಿದ ಐವರನ್ನು ಈಗ ಯಾರೂ ನಿಯಮವಾಗಿ ಕರೆತರುತ್ತಿಲ್ಲ, ಒಬ್ಬರು ಎರಡು ಸಲ ತಪ್ಪಿಸಿ ಆಸ್ಪತ್ರೆ ಸೇರಿದ್ದಾರೆ ಎಂದಳು. ಆಮೇಲೆ ಸಂತೋಷದಿಂದಲೇ ಮೂರು ಚೀಟಿಗಳನ್ನು ನನ್ನ ಮುಂದಿಟ್ಟಳು.

"ನೀಲಕ್ಕ, ಇವನ್ನ ನೋಡ್ರಿ. ನಿಮ್ಮ ಬೂತಿನವ. ಮೂರೂ ವರ್ಷ ಒಂದು ಪಾಯಿಂಟ್ ಸೊನ್ನೆ ಸೊನ್ನೆ. ನಾ ಗಾಡಿ ಎಷ್ಟು ಚೊಲೊ ಇಟ್ಟಿದ್ನಿ ಅನ್ನೂದಕ್ಕ ಇದಕ್ಕಿಂತ ಸಾಕ್ಷಿ ಬೇಕೇನು? ಸೋಮವಾರ ನೀವು ಬಂದು, ಇವು ಖರೇ ಅಂತ ಒಂದ ಮಾತು ಹೇಳಿದ್ರ ಸಾಕು."

ಕಂಪನಿಯೂ ಇವೇ ಚೀಟಿಗಳನ್ನು ಅವಳ ವಿರುದ್ಧ ಹಿಡಿದಿತ್ತು. ಗಾಡಿ ನಿನ್ನೆಯವರೆಗೆ ಚೆನ್ನಾಗಿತ್ತು, ಕೆಡಿಸಿದವಳು ನೀನು ಎಂದು. ಅವಳಿಗೆ ಅದು ಹೊಳೆದಿರಲಿಲ್ಲ. ತನ್ನನ್ನು ಕಟ್ಟಿಹಾಕಲು ತಂದ ಹಗ್ಗವನ್ನೇ ತಾನು ಹತ್ತಿ ಬರುತ್ತೇನೆಂದು ಹಿಡಿದು ನಿಂತಿದ್ದಳು. ನಮ್ಮವರು ಕೂತಲ್ಲಿಂದ ಎದ್ದು ಹೊರಗಿನ ಕಟ್ಟೆಗೆ ಹೋದರು.

"ಇವು ಖರೇ ಅಲ್ಲ, ದಾವಲು."

"ಅಂದ್ರ?"

"ಸೆಲ್ ಸತ್ತಿತ್ತು. ನಾ ಕೈಯಿಂದ ಬರದದ್ದು."

ಅವಳು ಚೀಟಿ ನೋಡಿದಳು, ನನ್ನನ್ನು ನೋಡಿದಳು.

"ಆ ಬುಧವಾರ ಕಂಪನಿ ಹುಡುಗಿ ಕೇಳಿದಾಗ ನಾ ನಿಮ್ಮ ಬಾಜೂಕ ನಿಂತಿದ್ನಿ."

"ನಿಂತಿದ್ದಿ."

"ಆವಾಗೂ ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ಎರಡ ಸಾಲು ಬರದಕೊಟ್ಟಿದ್ರ ಅಲ್ಲೇ ಸರಿ ಮಾಡತಿದ್ಲು." ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಹನ್ನೊಂದು ವಾರ ಆತ್ರಿ ನೀಲಕ್ಕ, ನಾ ಎಲ್ಲಿ ತಪ್ಪಿದ್ನಿ ಅಂತ ಹುಡಕಾಕತ್ತು. ಶುಕ್ರವಾರ ಬ್ಯಾಡ ಅಂತ ನೀವು ಹೇಳಿದ್ರಿ, ನಾ ಕೇಳಲಿಲ್ಲ, ನಾನ ಕೊಂದ್ನಿ ಅಂತ ನಿದ್ದಿ ಇಲ್ಲ. ಕಮಲವ್ವನ ಮಗಳು ನನ್ನ ಮುಖ ನೋಡೂದಿಲ್ಲ. ನೀವು ಇದನ್ನ ಒಳಗಿಟ್ಕೊಂಡು ನನಗ ಚಾ ಕೊಟ್ಟೀರಿ."

ನಾನು ಬ್ಯಾಗಿನಿಂದ ಲಕೋಟೆ ತೆಗೆದೆ. ಮೂಲೆಗಳು ಸವೆದು ಹತ್ತಿಯಂತಾಗಿದ್ದವು.

"ಓದ್ರಿ," ಎಂದಳು. "ನಿಮ್ಮ ಬಾಯಿಲೆ ಓದ್ರಿ."

ಓದಿದೆ.

*"ಮಾನ್ಯ ವಿಚಾರಣಾಧಿಕಾರಿಗಳಿಗೆ. ಬೂತ್ 417ರ ನೀಲವ್ವ ರುದ್ರಪ್ಪ ಗುಳೇದ ಬರೆಯುವುದು. ಈ ವ್ಯಾನಿನ ಮೂರು ಚೀಟಿಗಳಲ್ಲಿರುವ 1.00 ಅಳತೆಯಲ್ಲ. ಯಂತ್ರದ ಸೆಲ್ ಸತ್ತಿತ್ತು, ಅಂಕಿಯನ್ನು ನಾನು ಕೈಯಿಂದ ತುಂಬಿದೆ. ನನ್ನಂತೆ ಸಾವಿರಾರು ಬೂತುಗಳಲ್ಲಿ ತುಂಬಿದರು. ಅಪಘಾತಕ್ಕೆ ಎರಡು ದಿನ ಮೊದಲು ಕಂಪನಿಯ ಎಂಜಿನಿಯರು ಕೇಳಿದಾಗ ನಾನು ಸುಳ್ಳು ಹೇಳಿದೆ. ನನಗೆ ಏನು ಶಿಕ್ಷೆಯೋ ಅದನ್ನು ಕೊಡಿರಿ.*

*"ಆದರೆ ಕಂಪನಿಯವರನ್ನೂ ಕೇಳಿರಿ. ನಾನು ಬರೆದದ್ದು ಒಂದು ಕಾಗದದ ಚೂರು. ಅದನ್ನು ಒಯ್ದು ಎಂಜಿನ್ನಿನೊಳಗೆ ಬೆಂಕಿ ಮಾಡಿದವರು ಅವರು. ಮೂರು ಕೋಟಿ ಸಲ ಗಾಡಿ ಅಳೆದರೆ ಕೆಟ್ಟದ್ದು ಒಂದೂ ಸಿಗದ ಊರು ಭೂಮಿಯ ಮೇಲೆ ಎಲ್ಲಿದೆ? ಇಷ್ಟು ಓದಿದವರಿಗೆ ಅದನ್ನು ನೋಡಿ ಸಂಶಯ ಬರಲಿಲ್ಲ, ಹೆಮ್ಮೆ ಬಂತು. ಸೆನ್ಸರ್ ಇಲ್ಲದ ಗಾಡಿಗೆ ನಾವು ಕೈ ಹಾಕುವುದಿಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನಿಜವಾದ ಅಂಕಿ ಬಂದಾಗ ಅದನ್ನು ಅಸಹಜ ಎಂದು ಎಸೆದರು. ಎಸೆದವುಗಳನ್ನೆಲ್ಲ ಹೊರಗೆ ತೆಗೆಸಿರಿ. ಹೊಸ ಸೆಲ್ ಹಾಕಿದ ಬೂತುಗಳಿಂದ ಬಂದ ಆ ಅಂಕಿಗಳಲ್ಲಿ ಇಂಥ ಗಾಡಿಗಳು ಎಷ್ಟಿವೆ ಎಂದು ಎಣಿಸಿರಿ. ಅವು ಈಗಲೂ ಏರು ಹತ್ತುತ್ತಿವೆ. ಅವರು ನನ್ನ ಬೂತಿಗೆ ಬಂದು ಒಮ್ಮೆ ಕೇಳಿದ್ದರೆ ನಾನು ನಿಜ ಹೇಳುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಅವರು ಕೇಳಲಿಲ್ಲ ಎಂಬುದು ಗೊತ್ತು. ಈ ಎಲ್ಲದರಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದವಳು ಗಾಡಿಯ ಚಾಲಕಿ ಒಬ್ಬಳೇ. ಏರಿನಲ್ಲಿ ಚಟಚಟ ಎನ್ನುತ್ತದೆ ಎಂದಳು. ಅವಳ ಮೇಲೆ ಪ್ರಕರಣ ಹಾಕಿದ್ದೀರಿ."*

ದಾವಲಬಿ ಸೆರಗಿನಿಂದ ಮುಖ ಒರೆಸಿಕೊಂಡಳು.

"'ಗಾಡಿಯ ಚಾಲಕಿ' ಅಂತ ಬರದೀರಿ. ನನಗ ಹೆಸರಿಲ್ಲೇನು?"

ಪೆನ್ನು ತೆಗೆದು, ಆ ಜಾಗದಲ್ಲಿ ದಾವಲಬಿ ಇಮಾಮಸಾಬ ನದಾಫ ಎಂದು ಬರೆದೆ.

"ಕಮಲವ್ವಂದು?"

ಅವಳ ಹೆಸರನ್ನು ಎಲ್ಲಿಯೂ ಬರೆದಿರಲಿಲ್ಲ. ಕೊನೆಗೆ ಇನ್ನೊಂದು ಸಾಲು ಸೇರಿಸಿದೆ. *ಸತ್ತವರ ಹೆಸರು ಕಮಲವ್ವ ಬೇವಿನಕಟ್ಟಿ, ವಯಸ್ಸು ಐವತ್ತೆರಡು. ವರದಿಯಲ್ಲಿ ಅವರನ್ನು 'ಒಬ್ಬ ಪ್ರಯಾಣಿಕ' ಎಂದು ಬರೆಯಲಾಗಿದೆ.*

"ನಡ್ರಿ," ಎಂದಳು. "ಅಂಚೆ ಕಚೇರಿ ಮುಚ್ಚೂದ್ರೊಳಗ."

ಹಳೆ ಲಕೋಟೆ ಬಿಟ್ಟು ಹೊಸದನ್ನು ತೆಗೆದುಕೊಂಡೆ. ಕಟ್ಟೆಯ ಮೇಲಿದ್ದ ನಮ್ಮವರು ಚಪ್ಪಲಿ ಮೆಟ್ಟಿ ಹಿಂದೆ ಬಂದರು. ದಾರಿಯುದ್ದಕ್ಕೂ ದಾವಲಬಿ ಹತ್ತು ಹೆಜ್ಜೆ ಮುಂದೆಯೇ ನಡೆದಳು. ನನ್ನ ಮಂಡಿನೋವು ಅವಳಿಗೆ ಗೊತ್ತು. ಮೊದಲೆಲ್ಲ ರಸ್ತೆ ದಾಟುವಾಗ ತೋಳು ಹಿಡಿಯುತ್ತಿದ್ದಳು. ಇವತ್ತು ಹಿಡಿಯಲಿಲ್ಲ, ತಿರುಗಿಯೂ ನೋಡಲಿಲ್ಲ. ಬ್ಯಾಗಿನೊಳಗೆ ಫೋನು ಬಡಿದುಕೊಂಡಿತು, ಹೊಸಮನಿಯದು. ನಮ್ಮವರು ಕೈಗೆ ತೆಗೆದುಕೊಂಡು, "ಅಕಿ ಕೆಲಸದಾಗ ಅದಾಳಪ್ಪ," ಎಂದು ಆರಿಸಿದರು.

ಕೌಂಟರಿನಲ್ಲಿದ್ದ ಹೆಣ್ಣುಮಗಳು ಲಕೋಟೆಯನ್ನು ತೂಕಕ್ಕಿಟ್ಟಳು.

"ಸ್ಪೀಡ್ ಪೋಸ್ಟೇನ್ರಿ?"

"ಹೌದು. ಸೋಮವಾರದೊಳಗ ಮುಟ್ಟಬೇಕು."

"ಶನಿವಾರ ಮುಟ್ಟತೈತ್ರಿ."

ಎರಡು ಸಲ ಮುದ್ರೆ ಒತ್ತಿ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಹಾಕಿದಳು. ರಸೀದಿ ಹರಿದು ನನ್ನ ಕಡೆಗೆ ಚಾಚಿದಳು. ನಾನು ಹಿಡಿಯುವ ಮೊದಲೇ ದಾವಲಬಿಯ ಕೈ ಮುಂದೆ ಬಂತು.

"ರಸೀದಿ ನನ್ನ ಕಡೆ ಇರಲಿ," ಎಂದಳು.